ಇಪ್ಪತ್ತೈದಕ್ಕೆ ನಿಲ್ಲುತ್ತಿದ್ದ ಹೆಬ್ಬೆರಳು

ಆಸ್ಪತ್ರೆಯಲ್ಲಿ ನಾನು ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಕೊನೆಯವರೆಗೂ ಒಂದು ಸರಿಯಾದ ಹೆಸರು ಸಿಗಲಿಲ್ಲ. ಕಾಗದದಲ್ಲಿ ‘ವಾರ್ಡ್ ಅಸಿಸ್ಟೆಂಟ್’ ಎಂದಿತ್ತು. ದಾದಿಯರು ನನ್ನನ್ನು ‘ಲಾಂಗ್ವೇಜ್’ ಎಂದೇ ಕರೆಯುತ್ತಿದ್ದರು. ಎಂಟನೇ ಹಾಸಿಗೆಯವನು ಏನೋ ಹೇಳುತ್ತಿದ್ದಾನೆ, ಲಾಂಗ್ವೇಜನ್ನು ಕರೆಯಿರಿ ಎಂದರೆ ನಾನು ಕೈಯಲ್ಲಿದ್ದ ಬೆಡ್‌ಷೀಟು ಬಿಟ್ಟು ಓಡಬೇಕು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ರೋಗಿಗೆ ಹೇಳಬೇಕು, ರೋಗಿ ಹೇಳಿದ್ದನ್ನು ಅವರಿಗೆ ತಲುಪಿಸಬೇಕು. ಕೇಳಲಿಕ್ಕೆ ಸುಲಭದ ಕೆಲಸ.

ಕಳೆದ ವರ್ಷ ನಿವೃತ್ತಳಾದೆ. ಈಗ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮಗಳ ಮನೆಯ ಹಿಂಬದಿ ಕೋಣೆಯಲ್ಲಿ ಇದ್ದೇನೆ. ಬೆಳಿಗ್ಗೆ ದೀಪ ಹಚ್ಚಿ, ಜಪ ಮುಗಿಸಿ, ಎಲ್ಲರ ತಿಂಡಿಯಾದ ಮೇಲೆ ಇದನ್ನು ಬರೆಯಲು ಕೂರುತ್ತೇನೆ. ಮೊನ್ನೆ ಮಂಗಳೂರು ಕಡೆಯ ಹುಡುಗಿಯೊಬ್ಬಳು ಫೋನು ಮಾಡಿ, ಅದೇ ವಾರ್ಡಿನಲ್ಲಿ ಅದೇ ಕೆಲಸ ತನಗೆ ಸಿಕ್ಕಿದೆ ಎಂದಳು. “ನಾನು ಎಂತ ಎಲ್ಲ ಕಲೀಬೇಕು ಆಂಟಿ?” ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಬರೆದು ಕೊಡುತ್ತೇನೆ ಎಂದೆ. ಪಕ್ಕದಲ್ಲಿದ್ದ ಮೊಮ್ಮಗಳು, “ಅಜ್ಜಿ, ನೌ ದೇ ಹ್ಯಾವ್ ಎ ಟ್ಯಾಬ್ಲೆಟ್ ಫಾರ್ ದಟ್” ಎಂದಳು. ಹೌದು, ನಾನು ಬಿಡುವ ಹೊತ್ತಿಗೇ ಟ್ಯಾಬ್ಲೆಟ್ ಬಂದಿತ್ತು. ಒಂದು ಗುಂಡಿ ಒತ್ತಿದರೆ ಎಲ್ಲೋ ಕೂತ ಭಾಷಾಂತರದವರ ಮುಖ ಬರುತ್ತದೆ, ಬಾಯಿ ಬಿಟ್ಟು ಮಾತಾಡುವ ರೋಗಿಗೆ ಅದು ಸಾಕು. ಬಾಯಿ ಬಿಡಲಾಗದವರ ಪಾಲಿಗೆ ಮಾತ್ರ ಇನ್ನೂ ಹಾಸಿಗೆಯ ಪಕ್ಕ ನಿಲ್ಲುವ ಒಬ್ಬರು ಬೇಕು. ಈ ಬರಹ ಆ ಒಬ್ಬರಿಗಾಗಿ.

ನಾನು ಈ ಕೆಲಸಕ್ಕೆ ಓದಿ ಬಂದವಳಲ್ಲ. ಮದುವೆಯಾಗಿ ಬಂದವಳು. ಇವರು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಎರಡು ಕೋಣೆಯ ಮನೆಯಲ್ಲಿ ಅಡುಗೆ, ಮಗಳ ಪಾಠ, ದೇವರ ಪೂಜೆ ಎಂದು ಕಳೆದೆ. ಪಕ್ಕದ ಮನೆಯ ಹೆಂಗಸಿಗೆ ಜ್ವರ ತಲೆಗೇರಿ ಆಸ್ಪತ್ರೆಗೆ ಸೇರಿಸಿದಾಗ ಅವಳ ತುಳುವನ್ನು ಡಾಕ್ಟರಿಗೆ ಹೇಳಲು ನಾಲ್ಕು ದಿನ ಹೋಗಿ ಕುಳಿತೆ. ಐದನೆಯ ದಿನ ಹೆಡ್ ನರ್ಸ್ ಲೀಲಾಮ್ಮ ಸಿಸ್ಟರ್, “ಶಾರದಾ, ದಿನಾ ಸುಮ್ಮನೆ ಬರ್ತಿ. ಕೆಲಸಕ್ಕೇ ಬಾ” ಎಂದರು. ತಿರುವಲ್ಲಾ ಕಡೆಯ ಮಲಯಾಳಿ, ಮೈಸೂರಿನಲ್ಲಿ ನರ್ಸಿಂಗ್ ಕಲಿತವರು. ಮುಖದಲ್ಲಿ ನಗು ಕಡಿಮೆ, ಬೈಗುಳ ಧಾರಾಳ. ಅಬುಧಾಬಿಯಿಂದ ಬನಿಯಾಸ್ ಕಡೆಗೆ ಹೋಗುವ ದಾರಿಯಲ್ಲಿದ್ದ ಆ ಆಸ್ಪತ್ರೆಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿರಬೇಕಾದವರನ್ನು ತಂದು ಸೇರಿಸುತ್ತಿದ್ದರು. ಸ್ಕ್ಯಾಫೋಲ್ಡಿಂಗ್‌ನಿಂದ ಬಿದ್ದವರು, ಪಾರ್ಶ್ವವಾಯು ಬಡಿದವರು, ಯಾರೂ ಕೇಳಿಕೊಂಡು ಬಾರದವರು.

ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಕುಂದಾಪುರ ಕಡೆಯ ಅಡುಗೆಯವರೊಬ್ಬರು ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಬಂದಿದ್ದರು. ಮೊಣಕಾಲಿನ ಕೆಳಗೆ ತೆಗೆಯಬೇಕು, ಒಪ್ಪಿಗೆ ಕೇಳು ಎಂದರು ಡಾಕ್ಟರು. ಆ ಮನುಷ್ಯನ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. “ಕಾಲಿಗೆ ಒಂದು ಸಣ್ಣ ಆಪರೇಶನ್ ಉಂಟಂತೆ, ದೇವರಿದ್ದಾನೆ” ಎಂದೆ. ಅವರು ಹೆಬ್ಬೆಟ್ಟು ಒತ್ತಿದರು. ಎಚ್ಚರವಾದ ಮೇಲೆ ಹೊದಿಕೆ ಸರಿಸಿ ನೋಡಿ, “ಅಕ್ಕ, ನೀವು ಸಣ್ಣದ್ ಅಂದ್ರಲೆ” ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಲೀಲಾಮ್ಮ ಸಿಸ್ಟರ್ ಆ ದಿನ ನನ್ನನ್ನು ಲಿನನ್ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. “ನೀನು ಪೈಪ್. ಗೊತ್ತಾ? ಈ ಕಡೆಯಿಂದ ಹಾಕಿದ ನೀರು ಆ ಕಡೆ ಬರಬೇಕು. ಪೈಪಿಗೆ ಕರುಣೆ ಬೇಡ. ಇನ್ನೊಂದು ಸಲ ಹೀಗೆ ಮಾಡಿದ್ರೆ ಖಲಾಸ್, ಮನೆಗೆ ಹೋಗು” ಎಂದರು. ಹೇಳಿದ್ದರಲ್ಲಿ ಏನನ್ನೂ ಕಳೆಯಬಾರದು ಎಂದು ಅವತ್ತು ಕಲಿತೆ. ಏನನ್ನೂ ಕೂಡಿಸಬಾರದು ಎಂದು ಕಲಿಯಲಿಕ್ಕೆ ಇನ್ನೂ ಎಷ್ಟೋ ವರ್ಷ, ಒಬ್ಬ ಹೆಂಗಸಿನ ಬದುಕು ಬೇಕಾಯಿತು. ಅವಳ ಕತೆಗೆ ಬರುವ ಮೊದಲು ನನ್ನ ನೋಟ್‌ಬುಕ್ಕಿನ ವಿಷಯ ಹೇಳಬೇಕು. ಅದಿಲ್ಲದೆ ಅವಳ ಕತೆ ಅರ್ಥವಾಗುವುದಿಲ್ಲ.

ನಮ್ಮ ವಾರ್ಡಿಗೆ ಬರುವವರಲ್ಲಿ ಕೆಲವರಿಗೆ ತಮ್ಮ ಊರಿನ ಹೆಸರು ಹೇಳಲಾಗುತ್ತಿರಲಿಲ್ಲ. ತಲೆಗೆ ಪೆಟ್ಟು ಬಿದ್ದಿರುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಪಾಸ್‌ಪೋರ್ಟು ಇನ್ಯಾರದೋ ಕೈಯಲ್ಲಿರುತ್ತಿತ್ತು. ಮನೆಯವರು ಸಿಗದೆ ಅವರನ್ನು ಕಳಿಸುವ ಹಾಗಿಲ್ಲ. ಅಂಥವರಿಗಾಗಿ ನಾನು ನಮ್ಮ ಕರಾವಳಿಯ ಒಂದು ನಕ್ಷೆ ಬರೆದಿಟ್ಟುಕೊಂಡೆ. ಎಡಕ್ಕೆ ಸಮುದ್ರ, ಬಲಕ್ಕೆ ಘಟ್ಟ. ನಡುವಿನ ಉದ್ದನೆಯ ಪಟ್ಟಿಯನ್ನು ಹೊಳೆಗಳು ಅಡ್ಡಡ್ಡ ಕೊಯ್ದಿವೆ. ಬೈಂದೂರು ಕಡೆಯಿಂದ ಸೌಪರ್ಣಿಕಾ, ವಾರಾಹಿ, ಸೀತಾ, ಸ್ವರ್ಣಾ, ಉದ್ಯಾವರ, ಶಾಂಭವಿ, ಗುರುಪುರ ಹೊಳೆ, ಕೊನೆಗೆ ನೇತ್ರಾವತಿ. ಸೇತುವೆಗಳಾಗುವ ಮೊದಲು ಒಂದೊಂದು ತುಂಡೂ ಒಂದೊಂದು ದೇಶವೇ. ಮಾತು ಬೇರೆ, ಸಾರಿನ ರುಚಿ ಬೇರೆ, ಹೊಟ್ಟೆಪಾಡು ಬೇರೆ.

ಆ ಹೊಟ್ಟೆಪಾಡೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಹೊಳೆದಂಡೆಯ ಜೇಡಿಮಣ್ಣಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರ ಕೆಮ್ಮೇ ಬೇರೆ. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿದ ಹೆಂಗಸರ ಬೆರಳುಗಳಲ್ಲಿ ಆ ಎಣ್ಣೆಯ ಕಪ್ಪು ಇಪ್ಪತ್ತು ವರ್ಷವಾದರೂ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಬೊಂಬಾಯಿಯ ಹೋಟೆಲುಗಳಲ್ಲಿ ನಿಂತು ನಿಂತು ಸವೆದು ಆಮೇಲೆ ಇಲ್ಲಿಗೆ ಬಂದವರ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿರುತ್ತವೆ. ಗೇಣಿ ಭೂಮಿ ಸ್ವಂತಕ್ಕೆ ಬಂದ ಮನೆಗಳಲ್ಲಿ ಒಬ್ಬನಾದರೂ ಊರಲ್ಲಿ ಉಳಿದಿರುತ್ತಾನೆ, ಏನೂ ಬಾರದ ಮನೆಗಳಿಂದ ಎಲ್ಲರೂ ಹೊರಟಿರುತ್ತಾರೆ. ಇವನ್ನೆಲ್ಲ ಹೊಳೆ ಹೊಳೆಯಾಗಿ ಬರೆದಿಟ್ಟೆ. ತಲೆಗೆ ಪೆಟ್ಟಾದ ಒಬ್ಬರಿಗೆ ಊರು ಕೇಳಿದರೆ ಅಳು ಬರುತ್ತಿತ್ತು. “ಶಾಲೆಗೆ ಹೋಗುವಾಗ ದೋಣಿಯಲ್ಲಿ ಹೋಗ್ತಿದ್ರಾ, ಕಾಲುಸಂಕದ ಮೇಲಾ?” ಎಂದೆ. “ದೋಣಿ. ಆ ದಡದಲ್ಲಿ ಮೊದಲಿಗೆ ಹಂಚಿನ ಕಾರ್ಖಾನೆಯ ಚಿಮಣಿ ಕಾಣ್ತದೆ” ಎಂದರು. ಹದಿನೈದು ದಿನದಲ್ಲಿ ಅವರ ತಮ್ಮ ಸಿಕ್ಕಿದ. ಹೀಗೆ ಎಂಟು ಹತ್ತು ಮಂದಿಯನ್ನು ಮನೆ ಸೇರಿಸಿದ ಮೇಲೆ ನನಗೆ ಸ್ವಲ್ಪ ಅಹಂಕಾರ ಬಂತು. ದೇವರು ನನ್ನ ಕೈಯಿಂದ ಮಾಡಿಸುತ್ತಿದ್ದಾನೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿ, ನಾನು ಮಾಡುತ್ತಿದ್ದೇನೆ ಎಂದೇ ಇತ್ತು.

ನೋಟ್‌ಬುಕ್ಕಿನಲ್ಲಿ ದಕ್ಷಿಣದ ಮೂರು ಹೊಳೆಗಳ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಹೆಂಗಸರು: ಬೀಡಿ’ ಎಂದು ಬರೆದಿತ್ತು. ಅದನ್ನು ನೆನಪಿನಲ್ಲಿಡಿ.

ಆ ಹೆಂಗಸನ್ನು ತಂದದ್ದು ನವೆಂಬರಿನಲ್ಲಿ. ಬನಿಯಾಸಿನ ಒಂದು ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಜೀವ ಉಳಿಸಿ ನಮ್ಮಲ್ಲಿಗೆ ಕಳಿಸಿದರು. ಐವತ್ತರ ಆಸುಪಾಸು. ಬಲಗೈ, ಬಲಗಾಲು ಪೂರಾ ಹೋಗಿತ್ತು, ಮಾತೂ ಹೋಗಿತ್ತು. ಕಾಗದಪತ್ರ ಒಂದೂ ಇಲ್ಲ. ಬೆರಳಚ್ಚಿನಿಂದಲೂ ಗುರುತು ಸಿಗಲಿಲ್ಲ, ಅಷ್ಟು ಹಿಂದೆ ಬಂದು ಲೆಕ್ಕದ ಹೊರಗೆ ಉಳಿದವಳು. ಬನಿಯಾಸಿನ ಫ್ಲ್ಯಾಟುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳಂತೆ, ಎಲ್ಲರೂ ‘ಆಯಾ’ ಎಂದು ಕರೆದವರೇ, ಹೆಸರು ಕೇಳಿದವರಿಲ್ಲ. ಕೈಚೀಲದಲ್ಲಿ ಒಂದು ಪೊಟ್ಟಣ ಕುಚ್ಚಲಕ್ಕಿ, ಕನ್ನಡ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಒಣಮೀನು. ಆ ಅಕ್ಷರ ನೋಡಿಯೇ ಲೀಲಾಮ್ಮ ಸಿಸ್ಟರ್, “ಯಲ್ಲಾ, ಬೇಗ ಬಾ ಶಾರದಾ, ನಿನ್ನವಳು ಬಂದಿದ್ದಾಳೆ” ಎಂದು ಕೂಗಿದ್ದು.

ಸಿಗುವಾಗ ಮೈತುಂಬಾ ಮುಚ್ಚುವ ಕಪ್ಪು ಅಬಾಯಾ ಹಾಕಿದ್ದಳು ಎಂದು ಫೈಲಿನಲ್ಲಿತ್ತು. ಇಲ್ಲಿ ಮನೆಗೆಲಸದ ಹೆಂಗಸರು ಯಾವ ಜಾತಿಯವರಾದರೂ ಹೊರಗೆ ಹೋಗುವಾಗ ಅದನ್ನು ಹಾಕಿಕೊಳ್ಳುತ್ತಾರೆ, ನಾನೇ ಒಂದೆರಡು ಸಲ ಹಾಕಿದ್ದೇನೆ. ಅದಕ್ಕೆ ನಾನು ಬೆಲೆ ಕೊಡಲಿಲ್ಲ.

ಬೆಲೆ ಕೊಟ್ಟದ್ದು ಅವಳ ಎಡಗೈಗೆ. ಎಚ್ಚರವಿದ್ದಷ್ಟು ಹೊತ್ತೂ ಆ ಕೈಯ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಓಡುತ್ತಿತ್ತು. ಮೇಲೆ, ಕೆಳಗೆ, ಒಂದು ಒತ್ತು, ಮತ್ತೆ ಮೇಲೆ. ನಾನು ಎಂಟು ವರ್ಷದವಳಿದ್ದಾಗಿನಿಂದ ಬೆರಳಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಜಪ ಎಣಿಸಿದವಳು. ನೋಡಿದ ಕ್ಷಣ ಕೈಮುಗಿದೆ. ಬಲಗೈ ಹೋಗಿದೆ, ಮಾತು ಹೋಗಿದೆ, ಜಪ ಮಾತ್ರ ಬಿಟ್ಟಿಲ್ಲ, ಎಡಗೈಯನ್ನಾದರೂ ದೇವರು ಒಪ್ಪಿಕೊಳ್ಳಲಿ ಎಂದುಕೊಂಡೆ. ಕಿವಿಯ ಹತ್ತಿರ ಬಗ್ಗಿ, “ಉಡುಪಿ ಕಡೆಯವರಾ?” ಎಂದೆ. ತಲೆ ಆಡಿಸಿದಳು. “ಕೃಷ್ಣನ ದರ್ಶನಕ್ಕೆ ಹೋಗ್ತಿದ್ರಾ?” ಆಡಿಸಿದಳು. “ಮನೆಯಲ್ಲಿ ದೀಪ ಇಡ್ತಿದ್ರಾ?” ಅದಕ್ಕೂ ಆಡಿಸಿದಳು.

ಅಂಥ ರೋಗಿಗಳು ಏನು ಕೇಳಿದರೂ ತಲೆ ಆಡಿಸುತ್ತಾರೆ. ಅದು ನನಗೆ ಗೊತ್ತಿತ್ತು. ನೀವು ಜಪಾನಿನವರಾ ಎಂದು ಮೊದಲು ಕೇಳಬೇಕು, ಅದಕ್ಕೂ ಹೌದು ಎಂದರೆ ಮುಂದಿನ ಯಾವ ಹೌದನ್ನೂ ನಂಬಬಾರದು. ಎಷ್ಟೋ ಹೊಸಬರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೆ. ಅವತ್ತು ಕೇಳಲಿಲ್ಲ. ಸೋಶಿಯಲ್ ವರ್ಕರ್ ಹುಡುಗಿ ಫಾರಂ ಹಿಡಿದು ಬಂದಾಗ ಊರಿನ ಜಾಗದಲ್ಲಿ ‘ಉಡುಪಿ ಸುತ್ತಮುತ್ತ’ ಎಂದೂ ಧರ್ಮದ ಜಾಗದಲ್ಲಿ ‘ಹಿಂದೂ’ ಎಂದೂ ನಾನೇ ಬರೆಸಿದೆ.

ಶುಕ್ರವಾರಗಳಲ್ಲಿ ಮನೆಯಿಂದ ಕುಂಕುಮ ತಂದು ಅವಳ ಹಣೆಗೆ ಒಂದು ಬೊಟ್ಟು ಇಡುತ್ತಿದ್ದೆ. ಲೀಲಾಮ್ಮ ಸಿಸ್ಟರ್ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಇಟ್ಟ ಸ್ವಲ್ಪ ಹೊತ್ತಿಗೆ ಆ ಎಡಗೈ ನಿಧಾನಕ್ಕೆ ಮೇಲೆದ್ದು, ಅಡ್ಡಾದಿಡ್ಡಿ ಹೋಗಿ, ಹಣೆಯನ್ನು ಒರೆಸಿಕೊಳ್ಳುತ್ತಿತ್ತು. ಗಂಡ ತೀರಿಕೊಂಡಿರಬೇಕು, ಕುಂಕುಮ ಬೇಡವೆನ್ನುತ್ತಿದ್ದಾಳೆ, ಎಷ್ಟು ಮರ್ಯಾದೆಯ ಹೆಂಗಸು ಎಂದು ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಗಂಧ ತಂದೆ. ಅದನ್ನೂ ಒರೆಸಿಕೊಂಡಳು. ನಿತ್ರಾಣಕ್ಕೆ ತಿಳಿಯುವುದಿಲ್ಲ ಎಂದುಕೊಂಡು ನಾನು ಬಿಡಲಿಲ್ಲ.

ಒಂದು ದಿನ ನನ್ನ ಜಪದ ಜೊತೆಗೆ ಅವಳದ್ದನ್ನೂ ಎಣಿಸಿದೆ. ನೂರೆಂಟಕ್ಕೆ ಹೋಗಲಿಲ್ಲ. ಇಪ್ಪತ್ತೈದು ಆದ ಕೂಡಲೇ ಹೆಬ್ಬೆರಳು ನಿಂತಿತು, ಒಂದು ಉಸಿರಿನಷ್ಟು ಬಿಟ್ಟು ಮತ್ತೆ ಒಂದರಿಂದ. ಪಾಪ, ನೂರೆಂಟರವರೆಗೆ ನೆನಪು ನಿಲ್ಲುವುದಿಲ್ಲ ಎಂದುಕೊಂಡೆ.

ಅವಳ ಫೋಟೋ ಇಲ್ಲಿಯ ನಮ್ಮ ಊರವರ ಸಂಘದ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಊರಿನ ದೇವಸ್ಥಾನಗಳ ಗುಂಪು, ಭಜನಾ ಮಂಡಳಿಗಳ ಗುಂಪು, ಎಲ್ಲ ಕಡೆಗೆ. ನಾಲ್ಕು ತಿಂಗಳಾದ ಮೇಲೆ ದುಬೈಯಿಂದ ಒಬ್ಬರು ಬಂದರು. ಕಾಪು ಕಡೆಯವರು. ಅವರ ಅಕ್ಕ ಹತ್ತು ವರ್ಷದ ಹಿಂದೆ ಮನೆಗೆಲಸಕ್ಕೆಂದು ಬಂದು ಸುದ್ದಿಯೇ ಇರಲಿಲ್ಲವಂತೆ. ಹಾಸಿಗೆಯ ಹತ್ತಿರ ಬಂದು, ನೋಡಿ, “ಅಲ್ಲ” ಎಂದರು. ನಾನು ಕ್ಷಮೆ ಕೇಳಲು ಹೋದರೆ, “ಇರ್ಲಿ ಅಕ್ಕ. ಸ್ವಲ್ಪ ಕೂತ್ಕೊಳ್ಲಾ?” ಎಂದು ಕೇಳಿ, ಯಾರೋ ಒಬ್ಬಳ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಎದ್ದುಹೋದರು. ಅವರಿಗೆ ಆಸೆ ಹುಟ್ಟಿಸಿದ್ದು ನಾನು.

ಬಂದ ಎಂಟನೆಯ ತಿಂಗಳು ಅವಳಿಗೆ ನ್ಯುಮೋನಿಯಾ ಆಯಿತು. ಉಳಿಯುವುದು ಕಷ್ಟ ಎಂದರು. ಸೋಶಿಯಲ್ ವರ್ಕರ್ ಬಂದು, “ಹಿಂದೂ ಅಲ್ವಾ? ದಹನದ ಪರವಾನಗಿಯ ಕಾಗದ ತಯಾರು ಮಾಡಿಡ್ಲಾ?” ಎಂದು ಕೇಳಿದಳು. ನಾನು ಒಂದು ನಿಮಿಷವೂ ಯೋಚಿಸದೆ, “ಹೂಂ, ಇಡಿ” ಎಂದೆ. ಅನಾಥೆಯಾಗಿ ಹೋಗುವುದು ಬೇಡ, ನಾನೇ ನಿಂತು ಮಾಡಿಸುತ್ತೇನೆ ಎಂದು ಮನೆಯಲ್ಲಿ ಇವರಿಗೂ ಹೇಳಿಟ್ಟೆ. ಅವಳು ಆ ಸಲ ಬದುಕಿಕೊಂಡಳು. ಅದು ಎಷ್ಟು ದೊಡ್ಡ ಉಪಕಾರ ಎಂದು ಆಗ ನನಗೆ ಗೊತ್ತಿರಲಿಲ್ಲ.

ಹತ್ತನೆಯ ತಿಂಗಳು ಮೈಮುನಾ ನಮ್ಮ ವಾರ್ಡಿಗೆ ಬಂದಳು. ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಆಯಾ ಆಗಿದ್ದವಳು. ಉಳ್ಳಾಲದ ಬ್ಯಾರಿ ಮುಸ್ಲಿಂ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಂದ ಎರಡನೆಯ ದಿನ ನೆಲ ಒರೆಸುತ್ತಾ ಆ ಹಾಸಿಗೆಯ ಹತ್ತಿರ ನಿಂತವಳು ಗಟ್ಟಿಯಾಗಿ ನಕ್ಕಳು.

“ಶಾರದಕ್ಕಾ, ಇವರಿಗೊಂದು ಮೊರ ತಂದು ಕೊಡಿ ಮಾರಾಯ್ತಿ. ಮೊರ ಇಲ್ಲದೆ ಪಾಪ ಎಷ್ಟು ಅಂತ ಕಟ್ತಾರೆ?”

“ಎಂತ ಕಟ್ಟುದು?”

“ಮತ್ತೆಂತ? ಬೀಡಿ.”

“ಅವರು ಜಪ ಮಾಡ್ತಿರುದು ಮೈಮುನಾ. ತಮಾಷೆ ಬೇಡ.”

“ಎಂತ ಜಪ!” ಎಂದು ಅವಳು ಮಾಪ್ ಗೋಡೆಗೆ ಒರಗಿಸಿ, ತನ್ನ ಕೈಯನ್ನು ಆ ಕೈಯ ಪಕ್ಕದಲ್ಲಿ ಹಿಡಿದಳು. “ನೋಡಿ, ಇದು ಎಲೆ ಸುತ್ತುದು. ಇದು ತುದಿ ಮಡಚಿ ಒತ್ತುದು. ಇಲ್ಲಿ ಬಲಗೈ ನೂಲು ಹಾಕ್ಬೇಕು, ಬಲಗೈ ಇಲ್ಲ, ಅದಕ್ಕೆ ಒಂದು ಚೂರು ನಿಲ್ತಾರೆ. ನನ್ನ ಉಮ್ಮ, ಅಜ್ಜಿ, ಮೂರು ಅತ್ತಿಗೆಯಂದಿರು, ಎಲ್ಲ ಇದೇ. ನಾನು ಹುಟ್ಟುವ ದಿನ ಕೂಡ ಉಮ್ಮ ಕಟ್ತಾ ಇದ್ರಂತೆ.”

ಎರಡು ಕೈಗಳೂ ಒಂದೇ ತಾಳದಲ್ಲಿ ಓಡುತ್ತಿದ್ದವು.

“ಇಪ್ಪತ್ತೈದಕ್ಕೆ ನಿಲ್ತದೆ,” ಎಂದೆ.

“ಮತ್ತೆ? ಇಪ್ಪತ್ತೈದಕ್ಕೆ ಒಂದು ಕಟ್ಟು. ಇಷ್ಟೆಲ್ಲ ಎಣಿಸಿದವರಿಗೆ ಅಷ್ಟು ಗೊತ್ತಾಗ್ಲಿಲ್ವಾ?”

ಗೊತ್ತಾಗಲಿಲ್ಲ. ನಮ್ಮ ಬೇಲಿಯ ಆಚೆ ಮನೆಯ ಜಗಲಿಯಲ್ಲಿ ತಾಯಿ ಮಕ್ಕಳು ಮೊರ ತೊಡೆಯ ಮೇಲಿಟ್ಟು ದಿನವಿಡೀ ಕಟ್ಟುತ್ತಿದ್ದರು. ನಾನು ಹತ್ತೊಂಬತ್ತು ವರ್ಷ ಅವರೆದುರು ಓಡಾಡಿದ್ದೇನೆ. ಹೊಗೆಸೊಪ್ಪಿನ ವಾಸನೆ ಎಂದು ಅಮ್ಮ ಆ ಕಡೆ ಹೋಗಬೇಡ ಅನ್ನುತ್ತಿದ್ದಳು. ಬೀಡಿ ಎಂಬ ಶಬ್ದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದನ್ನು ಕಟ್ಟುವ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

ಬೀಡಿಯನ್ನು ಎಲ್ಲ ಜಾತಿಯವರೂ ಕಟ್ಟುತ್ತಾರೆ, ಅದರಿಂದ ಧರ್ಮ ತಿಳಿಯುವುದಿಲ್ಲ. ಆದರೆ ನನಗೆ ಹಣೆ ಒರೆಸಿಕೊಳ್ಳುವ ಕೈ ನೆನಪಾಯಿತು. ಆ ದಿನವೇ ಹೋಗಿ ಫಾರಮ್ಮಿನ ಆ ಜಾಗವನ್ನು ಖಾಲಿ ಮಾಡಿಸಿದೆ. “ಹತ್ತು ತಿಂಗಳು ಗೊತ್ತಿತ್ತು, ಈಗ ಗೊತ್ತಿಲ್ವಾ?” ಎಂದಳು ಆ ಹುಡುಗಿ. “ಇಲ್ಲ. ಯಾವತ್ತೂ ಗೊತ್ತಿರ್ಲಿಲ್ಲ” ಎಂದೆ. ಲೀಲಾಮ್ಮ ಸಿಸ್ಟರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿ, “ಪೈಪಿನ ಒಳಗೆ ನಿನ್ನ ದೇವರ ಕೋಣೆ ಇಟ್ಟಿದ್ದಿ” ಎಂದರು, ಅಷ್ಟೇ.

ಮುಂದಿನದ್ದು ಮೈಮುನಾಳ ಬುದ್ಧಿ. ಒಂದೊಂದು ಕಂಪನಿಯ ಬೀಡಿಗೆ ಒಂದೊಂದು ಬಣ್ಣದ ನೂಲು, ಇಪ್ಪತ್ತು ವರ್ಷ ಒಂದೇ ಬಣ್ಣ ಹಿಡಿದ ಕೈ ಅದನ್ನು ಮರೆಯುವುದಿಲ್ಲ ಎಂದಳು. ಹೊಲಿಗೆಯ ನೂಲು ನಾಲ್ಕು ಬಣ್ಣದ್ದು ತಂದು ಮೊರದ ಬದಲಿಗೆ ಊಟದ ಟ್ರೇಯಲ್ಲಿ ಇಟ್ಟೆವು. ಹೆಬ್ಬೆರಳು ನಿಂತಿತು. ಕೈ ಹೋಗಿ ಗುಲಾಬಿ ನೂಲನ್ನು ಎಳೆದುಕೊಂಡಿತು. ಈ ಸಲ ನಾನು ನಂಬಲಿಲ್ಲ. ಮರುದಿನ ಜಾಗ ಬದಲಿಸಿ ಇಟ್ಟೆವು, ಮತ್ತೆ ಗುಲಾಬಿ. ಮೂರನೆಯ ದಿನ ಗುಲಾಬಿಯನ್ನೇ ಇಡಲಿಲ್ಲ. ಕೈ ಟ್ರೇಯ ಮೇಲೆಲ್ಲ ಹುಡುಕಿ, ಯಾವುದನ್ನೂ ತೆಗೆದುಕೊಳ್ಳದೆ ಹಿಂದೆ ಹೋಯಿತು.

ಮೈಮುನಾಳ ಅತ್ತಿಗೆಗೆ ಫೋನು ಹೋಯಿತು. ಗುಲಾಬಿ ನೂಲಿನವರಿಗೆ ಹೆಂಗಸರು ಬೀಡಿ ಒಪ್ಪಿಸುವ ಬ್ರಾಂಚುಗಳು ಇದ್ದದ್ದು ಗುರುಪುರ ಹೊಳೆಯ ಆಸುಪಾಸಿನ ಕೆಲವೇ ಊರುಗಳಲ್ಲಿ. ಅತ್ತಿಗೆ ಫೋಟೋ ಹಿಡಿದು ಬ್ರಾಂಚಿನಿಂದ ಬ್ರಾಂಚಿಗೆ ಬಸ್ಸಿನಲ್ಲಿ ಹೋದಳು. ಐದನೆಯದರಲ್ಲಿ ಬೀಡಿ ಒಪ್ಪಿಸಲು ಬಂದಿದ್ದ ಮುದುಕಿಯೊಬ್ಬಳು ಹುಬ್ಬಿನ ಮೇಲಿನ ಗಾಯದ ಗುರುತು ನೋಡಿ, ಇದು ನಮ್ಮ ನಫೀಸಾ ಎಂದಳು. ಊರಿನ ಹೆಸರು ನಾನು ಬರೆಯುವುದಿಲ್ಲ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ.

ನಫೀಸಾ. ಹನ್ನೊಂದು ತಿಂಗಳ ಮೇಲೆ ಅವಳನ್ನು ಹೆಸರು ಹಿಡಿದು ಕರೆದೆ. ಕಣ್ಣು ತಿರುಗಿಸಿ ನೋಡಿದಳು.

ಅವಳು ಬಂದು ಹದಿನೈದು ವರ್ಷವಾಗಿತ್ತು. ಗಂಡ ಬಿಟ್ಟಿದ್ದ. ಹತ್ತು ವರ್ಷದ ಮಗಳು ಸಫಿಯಾಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಇಲ್ಲಿ ಕೆಲಸಕ್ಕಿದ್ದ ಮನೆಯವರು ದೇಶ ಬಿಟ್ಟಾಗ ವೀಸಾ ಹೋಯಿತು, ಇವಳು ಉಳಿದಳು. ಮೊದಮೊದಲು ಊರಿಗೆ ಫೋನು ಮಾಡುತ್ತಿದ್ದಳು. ಹೆದ್ದಾರಿ ಅಗಲ ಮಾಡುವಾಗ ಇವರ ಮನೆ ಹೋಯಿತು, ಮನೆಯ ಜೊತೆಗೆ ಫೋನೂ ಹೋಯಿತು. ಹೊಳೆಯ ಆ ಬದಿಗೆ ಹೋಗಿ ನೆಲೆ ನಿಂತರು. ಹಳೆಯ ನಂಬರಿಗೆ ಇವಳು ಎಷ್ಟು ಸಲ ಮಾಡಿದಳೋ ಯಾರಿಗೆ ಗೊತ್ತು. ನಫೀಸಾಳ ತಾಯಿ ಕೊನೆಯವರೆಗೂ ಮಗಳು ಬದುಕಿದ್ದಾಳೆ ಎನ್ನುತ್ತಿದ್ದರಂತೆ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಲೆಕ್ಕ ಹಾಕಿದೆ. ನಾನು ಕುಂಕುಮ ಇಡುತ್ತಿದ್ದ ಏಳನೆಯ ತಿಂಗಳು.

ವಿಡಿಯೋ ಕರೆಗೆ ಲೀಲಾಮ್ಮ ಸಿಸ್ಟರ್ ತಮ್ಮ ಫೋನನ್ನೇ ಕೊಟ್ಟರು. ಸಫಿಯಾಗೆ ಈಗ ಇಪ್ಪತ್ತೈದು, ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ, ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಇದ್ದಹಾಗೇ ಕುಳಿತಿದ್ದಳು. “ಉಮ್ಮ, ಉಮ್ಮ” ಎಂದು ಅತ್ತಳು. ನಫೀಸಾಳ ಮುಖದಲ್ಲಿ ಏನೂ ಕಾಣಲಿಲ್ಲ. ಹೆಬ್ಬೆರಳು ಓಡುತ್ತಲೇ ಇತ್ತು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ಸಫಿಯಾ ಸ್ವಲ್ಪ ಹೊತ್ತಿಗೆ ಅಳು ನಿಲ್ಲಿಸಿ, ಕೈ ಕಾಣುವ ಹಾಗೆ ಫೋನು ಹಿಡಿಯಿರಿ ಎಂದಳು. ಹಿಡಿದೆ. ನೋಡಿ, ಬ್ಯಾರಿ ಭಾಷೆಯಲ್ಲಿ ಒಂದು ಸಣ್ಣ ಮಾತು ಹೇಳಿದಳು. ಚಿಕ್ಕವಳಿದ್ದಾಗ ಹಸಿವಾದರೆ ಉಮ್ಮನನ್ನು ಕೆಲಸದಿಂದ ಎಬ್ಬಿಸಲು ಎಲೆಯ ಕಟ್ಟನ್ನು ಬೆನ್ನ ಹಿಂದೆ ಅಡಗಿಸಿ ಹೇಳುತ್ತಿದ್ದ ಮಾತಂತೆ.

“ಎಲೆ ಮುಗೀತು ಉಮ್ಮ.”

ಹದಿನೇಳಕ್ಕೆ ನಿಂತಿತು. ಅದಕ್ಕೆ ಮೊದಲು ಯಾರ ಮಾತಿಗೂ ಅದು ನಡುವೆ ನಿಂತದ್ದನ್ನು ನಾನು ನೋಡಿರಲಿಲ್ಲ. ಕೈ ಅಂಗೈ ಮೇಲಾಗಿ ಹಾಸಿಗೆಯ ಮೇಲೆ ಬಿಡಿಸಿಕೊಂಡಿತು. ಮೈಮುನಾ ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಊರಿಗೆ ಕಳಿಸುವ ಕಾಗದಕ್ಕೆ ಓಡಾಡಿದೆವು. ಹಳೆಯ ರೇಷನ್ ಕಾರ್ಡು, ಪಾಸ್‌ಪೋರ್ಟಿನ ಮಸುಕಾದ ನಕಲು, ಎಲ್ಲ ಬಂತು. ವಿಮಾನದಲ್ಲಿ ಸ್ಟ್ರೆಚರ್ ಹಾಕಿಸುವ ಮಾತೂ ಆಯಿತು. ನ್ಯುಮೋನಿಯಾ ಆಗುವ ಮೊದಲಾಗಿದ್ದರೆ ಕಳಿಸಬಹುದಿತ್ತು, ಈಗ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಸಹಿ ಹಾಕಲಿಲ್ಲ. ಸಫಿಯಾಗೆ ಇದನ್ನು ನಾನೇ ಹೇಳಬೇಕಾಯಿತು. ಏನನ್ನೂ ಕಳೆಯದೆ, ಏನನ್ನೂ ಕೂಡಿಸದೆ ಹೇಳಿದೆ. ಇಪ್ಪತ್ತು ದಿನ ಪ್ರತಿದಿನ ಮಧ್ಯಾಹ್ನ ಅವಳು ಶೆಡ್ಡಿನಿಂದ ಕರೆ ಮಾಡಿ ತಾಯಿಯ ಜೊತೆ ಮಾತಾಡಿದಳು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೋದಾಗ ಹಾಸಿಗೆಯ ಸುತ್ತ ಪರದೆ ಎಳೆದಿತ್ತು.

ಬನಿಯಾಸಿನ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ಮೈಮುನಾ ಮತ್ತು ಅವಳ ಪರಿಚಯದ ಇಬ್ಬರು ಹೆಂಗಸರು ಮೈ ತೊಳೆದು ಬಿಳಿ ಬಟ್ಟೆ ಸುತ್ತಿದರು. ನಮ್ಮ ಯಜಮಾನರು ಮೈಮುನಾಳ ಅಣ್ಣನ ಜೊತೆಗೆ ಒಳಗೆ ಹೋದರು. ನಾನು ಗೋಡೆಯ ಹೊರಗೆ ಬಿಸಿಲಿನಲ್ಲಿ ನಿಂತೆ. ದಹನದ ಕಾಗದಕ್ಕೆ ಹೂಂ ಎಂದಿದ್ದ ಬಾಯಿ ನನ್ನದು. ಆಗ ಅವಳು ಹೋಗಿದ್ದರೆ ನಾನು ಬಹಳ ಭಕ್ತಿಯಿಂದ ಅವಳನ್ನು ಬೆಂಕಿಗೆ ಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ, ಅವಳ ಹೆಸರಿಲ್ಲದೆ ಒಂದು ದೀಪ ಹಚ್ಚಿ, ಪುಣ್ಯದ ಕೆಲಸವಾಯಿತು ಎಂದು ಮಲಗುತ್ತಿದ್ದೆ. ಮಗಳಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ದೇವರು ಆ ಮೂರು ನಾಲ್ಕು ತಿಂಗಳು ಅವಳ ಉಸಿರು ಹಿಡಿದಿಟ್ಟದ್ದು ಅವಳಿಗಾಗಿಯೋ ನನಗಾಗಿಯೋ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಹೆಸರು ಸಿಕ್ಕಿತು, ಮಗಳ ದನಿ ಸಿಕ್ಕಿತು, ಅವಳ ಮಣ್ಣು ಸಿಕ್ಕಿತು. ಇಷ್ಟನ್ನು ನಾನು ದಿನಾ ಬೆಳಿಗ್ಗೆ ಎಣಿಸುತ್ತೇನೆ. ತಾಯಿ ಸಿಗಲಿಲ್ಲ, ಮನೆ ಸಿಗಲಿಲ್ಲ. ಅದನ್ನೂ ಎಣಿಸುತ್ತೇನೆ.

ನನ್ನ ಕೆಲಸಕ್ಕೆ ಬರುವ ಹುಡುಗಿಗೆ ಆ ನೋಟ್‌ಬುಕ್ಕು ಕೊಡುತ್ತೇನೆ. ಹೊಳೆಗಳ ನಕ್ಷೆ ಚೆನ್ನಾಗಿದೆ, ಉಪಯೋಗಕ್ಕೆ ಬರುತ್ತದೆ. ಕೊನೆಯ ಪುಟದಲ್ಲಿ ಒಂದು ಗುಲಾಬಿ ನೂಲು ಅಂಟಿಸಿದ್ದೇನೆ. ರೋಗಿಯ ಹತ್ತಿರ ಹೋಗುವಾಗ ನಕ್ಷೆಗಿಂತ ಮೊದಲು ಅದನ್ನು ನೋಡು ಮಗಳೇ.

ಮಣ್ಣು ಮಾಡಿದ ಮೂರನೆಯ ದಿನ ನಾನು ಸಫಿಯಾಗೆ ಫೋನು ಮಾಡಿದೆ. ಹೇಳದೆ ಇದ್ದರೆ ನಡೆಯುತ್ತಿತ್ತು, ಮೈಮುನಾ ಬೇಡವೆಂದೇ ಹೇಳಿದ್ದಳು. ನನ್ನಿಂದ ಆಗಲಿಲ್ಲ.

“ಗೊತ್ತಿಲ್ಲದೆ ನಾನು ಪ್ರತಿ ಶುಕ್ರವಾರ ನಿನ್ನ ಉಮ್ಮನ ಹಣೆಗೆ ಕುಂಕುಮ ಇಟ್ಟಿದ್ದೇನೆ ಸಫಿಯಾ. ಹತ್ತು ತಿಂಗಳು,” ಎಂದೆ.

ಆ ಕಡೆ ಶೆಡ್ಡಿನ ನೀರಿನ ಸದ್ದು, ಮಂಜುಗಡ್ಡೆ ಸುರಿಯುವ ಸದ್ದು.

“ಉಮ್ಮ ಎಂತ ಮಾಡಿದ್ರು?”

“ಒರೆಸಿಕೊಂಡರು.”

“ಪ್ರತಿ ಸಲವಾ?”

“ಪ್ರತಿ ಸಲ.”

“ಮತ್ತೆ ಅವರು ಹೇಳಿದ್ದಾರಲ್ಲ ಅಕ್ಕ, ನಿಮಗೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ವಾರ ವಾರ ಹೇಳಿದ್ದಾರೆ.”